ಜಗಳವಾಡಿದರೆ ಹೊರಡುವ ಕಾರು

ದೊರೆಸಾನಿಗೆ ಇಪ್ಪತ್ತೆರಡು ವರ್ಷ. ಮೈಯೆಲ್ಲ ತಗ್ಗುದಿಣ್ಣೆ, ಹಿಂದಿನ ಬಾಗಿಲಿಗೆ ಹಗ್ಗ, ಆದರೂ ಗತ್ತಿಗೇನೂ ಕಮ್ಮಿಯಿಲ್ಲ. ಮನಸ್ಸು ಬಂದರೆ ಒಂದೇ ಮಾತಿಗೆ ಹೊರಡುತ್ತಾಳೆ. ಬರಲಿಲ್ಲವೋ, ಕರ್‌ಕರ್ ಅಂತ ಗಂಟಲು ಕೆರೆದು ಮುಖ ಊದಿಸಿಕೊಂಡು ಕೂತುಬಿಡುತ್ತಾಳೆ. ದೊರೆಸಾನಿ ಅಂದರೆ ಆ ಮನೆಯ ಕಾರು.

"ಇನ್ನೊಂದೇ ಒಂದು ಸಲ ಕೈಕೊಡಲಿ, ಗುಜರಿಯವನಿಗೆ ಫೋನ್ ಮಾಡ್ತೀನಿ!" ಅಂತ ಅಪ್ಪ ಗುಡುಗಿದಾಗ ಮಗಳು ಕ್ಯಾಲೆಂಡರಿನತ್ತ ಓಡಿದಳು. ಕಲಿಯುವವರ ಲೈಸೆನ್ಸೇನೋ ಕೈಯಲ್ಲಿತ್ತು, ಪೂರ್ತಿ ಲೈಸೆನ್ಸಿಗೆ ಇನ್ನೂ ಹದಿನೈದು ದಿನ. ದೊರೆಸಾನಿಯಲ್ಲಿ ಒಬ್ಬಳೇ ಕೂತು, ಊರು ಮುಗಿಯುವ ತನಕ ಹೋಗಿ, ಅದರಾಚೆ ಏನಿದೆ ಅಂತ ನೋಡಿಬರುವ ಆಸೆ ಅವಳದು. ಇದು ಹೋದರೆ ಇನ್ನೊಂದು ಕಾರು ಆ ಮನೆಗೆ ಬರುವ ಮಾತೆಲ್ಲಿ?

ರಾಕ್ಷಸನ ಪ್ರಾಣ ಯಾವ ಗಿಳಿಯೊಳಗಿದೆ ಅಂತ ಹುಡುಕುವ ರಾಜಕುಮಾರನ ಹಾಗೆ ಅವಳು ತಿಂಗಳಿಂದ ಒಂದು ನೋಟ್‌ಬುಕ್ ಇಟ್ಟಿದ್ದಳು. ಬಿಸಿಲೋ ಮೋಡವೋ, ಪೆಟ್ರೋಲ್ ಎಷ್ಟಿತ್ತು, ಅಪ್ಪ ಯಾವ ಅಂಗಿ ಹಾಕಿದ್ದರು, ಎಲ್ಲ ಅದರಲ್ಲಿತ್ತು. ಮೊದಲಿಂದ ಕೊನೆವರೆಗೆ ತಿರುವಿ ನೋಡಿದವಳೇ ಬೆರಗಾದಳು. ಹತ್ತಿ ಕೂತಮೇಲೆ ಅಪ್ಪನೂ ಅಜ್ಜಿಯೂ ಕಚ್ಚಾಡಿದ ದಿನ ಕಾರು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಎಲ್ಲರೂ ಬಾಯಿಮುಚ್ಚಿ ಕೂತ ದಿನವೇ ಅದಕ್ಕೆ ಮುನಿಸು.

ಗ್ಯಾರೇಜಿನ ಮೇಸ್ತ್ರಿ ನೋಟ್‌ಬುಕ್ ಓದಿ ತಲೆ ಕೆರೆದುಕೊಂಡರು. ಬ್ಯಾಟರಿ ಬದಲಾಯಿಸಿ, ವೈರು ತಿಕ್ಕಿ, ಪ್ಲಗ್ಗು ಹೊಸದು ಹಾಕಿ ಅವರಿಗೂ ಸಾಕಾಗಿತ್ತು.

"ನನ್ನ ಕೈಲಿ ಯಾವತ್ತೂ ಕೆಟ್ಟಿಲ್ಲಮ್ಮ ಇದು. ಇವತ್ತು ಇಲ್ಲೇ ಬಿಟ್ಟುಹೋಗಿ. ನಾಳೆ ಬೆಳಿಗ್ಗೆ ಎಲ್ಲರೂ ಬನ್ನಿ. ಮನೇಲಿ ಹೇಗೆ ಹೊರಡಿಸ್ತೀರೋ ಹಾಗೇ ಹೊರಡಿಸಿ, ನಾನು ಕೈಕಟ್ಟಿ ನೋಡ್ತೀನಿ."

ಬೆಳಿಗ್ಗೆ ಮೂವರೂ ಹಾಜರ್. ಆದರೆ ಪರರ ಮುಂದೆ ಮನೆಯ ಮಾನ ಕಳೆಯುವುದುಂಟೆ?

"ನೀನು ಮೊದಲು ಹತ್ತಮ್ಮ," ಅಂದರು ಅಪ್ಪ, ಜೇನು ಸುರಿಸುತ್ತ.

"ನೀನು ಹತ್ತು ನನ್ನಪ್ಪ, ಕಾಲು ನೋಯುತ್ತೆ ನಿನಗೆ," ಅಂದರು ಅಜ್ಜಿ. ಹುಟ್ಟಿದಾಗಿನಿಂದ ಅಪ್ಪ ಕೇಳದ ದನಿ ಅದು.

ಎಲ್ಲರೂ ಗೊಂಬೆಗಳ ಹಾಗೆ ಕೂತರು. ಅಪ್ಪ ಕೀ ಹಾಕಿ ಒಂದೇ ಏಟಿಗೆ ತಿರುಗಿಸಿದರು. ಕರ್‌ಕರ್. ಕರ್.

"ಕೆಡ್ತು! ಕಣ್ಣಾರೆ ಕಂಡೆ!" ಮೇಸ್ತ್ರಿ ಕುಣಿದಾಡಿದರು.

ಅಪ್ಪ ಫೋನ್ ಹೊರತೆಗೆದರು.

"ಅಜ್ಜೀ, ಶುರು ಮಾಡು!" ಮಗಳು ಕಿರುಚಿದಳು.

"ಏನು ಶುರು ಮಾಡ್ಲೇ?"

"ಬೈಯಿ! ಅಪ್ಪನಿಗೆ ಬೈಯಿ!"

ಅಜ್ಜಿಗೆ ಅಷ್ಟೇ ಸಾಕಾಗಿತ್ತು. "ಅಲ್ಲ ಕಣೋ, ಅನ್ನ ಬಾಯಿಗೆ ಬರೋ ಮೊದಲೇ ನುಂಗೋನು ನೀನು! ಇಡು ಆ ಫೋನು! ಹಾಕು ಕೀ!"

ಅಪ್ಪ ಫೋನ್ ಬಿಸಾಡಿ ಕೀ ಅರ್ಧ ತಿರುಗಿಸಿದರು, ಆ ಮಾತು ತಡೆಯಲಾರದೆ ಹಿಂದಿನ ಸೀಟಿನತ್ತ ತಿರುಗಿದರು. "ನಾನಾ? ಒಂದು ಬಾಚಣಿಗೆ ಹುಡುಕೋಕೆ ಮನೆಮಂದೀನೆಲ್ಲ ಬೀದಿಗೆ ನಿಲ್ಲಿಸೋಳು ಯಾರು?"

"ಬಾಚೋಕೆ ತಲೇಲಿ ಕೂದಲಿದೆ ನನಗೆ! ನಿನಗೇನಿದೆ?" ಅಜ್ಜಿ ತಟ್ಟನೆ ನಿಲ್ಲಿಸಿದರು. "ನೋಡು, ನನ್ನ ಸೀಟಿನ ಕೆಳಗೆ ಮತ್ತೆ ಆ ದುಂಬಿ ಗುಂಯ್ ಅಂತಿದೆ. ಜಗಳ ಆಡಿದಾಗೆಲ್ಲ ಬರುತ್ತೆ ಹಾಳಾದ್ದು."

ಮೇಸ್ತ್ರಿ ಬಾಗಿಲು ತೆಗೆದು ಅಜ್ಜಿಯ ಕಾಲಬುಡದಲ್ಲಿ ಕಿವಿಯಿಟ್ಟರು. ಮುಖ ಅರಳಿತು.

"ಈಗ ಸ್ಟಾರ್ಟ್ ಮಾಡಿ!"

ದೊರೆಸಾನಿ ಒಂದೇ ಮಾತಿಗೆ ಹೊರಟಳು.

"ಅದು ದುಂಬಿಯಲ್ಲ ಅಜ್ಜಿ, ಪೆಟ್ರೋಲ್ ಪಂಪು," ಮೇಸ್ತ್ರಿ ಮೊಣಕಾಲು ಒರೆಸಿಕೊಂಡರು. "ರಾತ್ರಿಯಿಡೀ ನಿಂತರೆ ಪೈಪಲ್ಲಿರೋ ಪೆಟ್ರೋಲೆಲ್ಲ ಟ್ಯಾಂಕಿಗೆ ವಾಪಸ್ ಇಳಿದುಬಿಡುತ್ತೆ. ತಡೆಯೋ ವಾಲ್ವು ಸವೆದಿದೆ. ಕೀ ಅರ್ಧ ತಿರುಗಿಸಿ ಸ್ವಲ್ಪ ಕಾದ್ರೆ ಪಂಪು ಮತ್ತೆ ತುಂಬಿಸುತ್ತೆ. ನಾನು ಕೀ ಅರ್ಧ ತಿರುಗಿಸಿಟ್ಟು ಕನ್ನಡಿ ಒರೆಸಿ, ಸೀಟು ಸರಿಮಾಡಿ ಆಮೇಲೆ ಹೊರಡಿಸೋನು. ಇವರು ಕೀ ಹಾಗೇ ಬಿಟ್ಟು, ಜಗಳ ಮುಗಿಸಿ ಹೊರಡಿಸೋರು. ಸುಮ್ಮನಿದ್ದ ದಿನ ಕಾಯೋರೇ ಇಲ್ಲ, ನೋಡಿ. ವಾಲ್ವು ತರಿಸ್ತೀನಿ. ಬರೋವರೆಗೆ ಕೀ ಅರ್ಧ ತಿರುಗಿಸಿ ಹತ್ತು ಎಣಿಸಿ."

"ಹತ್ತಾ?" ಅಪ್ಪ ಎಂಜಿನ್ ಆರಿಸಿ ಕೆಳಗಿಳಿದರು. "ದಿನಾ ಬೆಳಿಗ್ಗೆ?"

"ಹತ್ತೇ ಸ್ವಾಮಿ."

ಅಪ್ಪ ಆಕಾಶ ನೋಡಿದರು, ಗಡಿಯಾರ ನೋಡಿದರು, ತಮ್ಮ ತಾಯಿಯ ಮುಖ ನೋಡಿದರು. ಕೊನೆಗೆ ಕೀಯನ್ನು ಮಗಳ ಅಂಗೈಗೆ ಹಾಕಿದರು. "ನನ್ನಿಂದಾಗಲ್ಲ. ಇನ್ಮೇಲೆ ಇದು ನಿನ್ನದು, ಎಣಿಸ್ಕೋ."

ಅವಳು ಡ್ರೈವರ್ ಸೀಟಿನಲ್ಲಿ ಕೂತು ಕೀ ಅರ್ಧ ತಿರುಗಿಸಿದಳು. ಗುಂಯ್... ಮೂರಕ್ಕೆ ಬರುವಷ್ಟರಲ್ಲಿ ಅಪ್ಪ ಪಕ್ಕದಲ್ಲಿ ಕೂತು ಬಾಗಿಲು ಬಡಿದಿದ್ದರು. "ಇನ್ನೂ ಆಗ್ಲಿಲ್ವೇನೇ?"

ಅವಳು ಮುಗುಳ್ನಕ್ಕು, ನಾಲ್ಕನ್ನು ಬೇಕಂತಲೇ ಇನ್ನಷ್ಟು ಎಳೆದಳು.