ಜಕ್ಕಪ್ಪನ ಮೂರನೆಯ ಬಂದೂಕು

ಬೇಡಕಿಹಾಳದ ಜಕ್ಕಪ್ಪನ ಮನೆಯಲ್ಲಿ ಮೂರು ಬಂದೂಕು ಇದ್ದವು, ಮೂರಕ್ಕೂ ಲೈಸನ್ಸು ಇತ್ತು. ಹೊಸ ಕಾಯ್ದೆ ಬಂದು, ಒಬ್ಬನಿಗೆ ಎರಡೇ ಸಾಕು, ಮೂರನೆಯದನ್ನು ಸರ್ಕಾರಕ್ಕೆ ಒಪ್ಪಿಸಿ ಎಂದಾಗ ಆತ ಒಂದು ವಾರ ಹೆಂಡತಿಯ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಯಾವುದನ್ನು ಕೊಡಬೇಕು ಎಂಬುದರಲ್ಲಿ ಅನುಮಾನವೇನೂ ಇರಲಿಲ್ಲ. ಜೋಡುನಳಿಗೆಯೂ ಮದ್ದು ತುಂಬುವ ನಾಡಬಂದೂಕೂ ಹೊಲ ಕಾಯಲು ಬೇಕು. ಉಳಿದದ್ದು ರೈಫಲ್ಲು. ಸೈನ್ಯ ಬಳಸಿ ಬಿಟ್ಟದ್ದನ್ನು ಸುಬೇದಾರನಾಗಿದ್ದ ಅವನ ಅಪ್ಪ ಹರಾಜಿನಲ್ಲಿ ಹಿಡಿದು, ಬೇಟೆಗೆ ತಕ್ಕಂತೆ ತಿದ್ದಿಸಿಕೊಂಡು ತಂದಿದ್ದ. ಈಗ ಅದಕ್ಕೆ ಗುಂಡು ಸಿಗುವುದಿಲ್ಲ, ಡಬ್ಬಿಯಲ್ಲಿ ಉಳಿದದ್ದು ಐದೇ. ನಾಳೆ ಸೋಮವಾರ ಅದನ್ನು ಚಿಕ್ಕೋಡಿಗೆ ಒಯ್ದು ಒಪ್ಪಿಸಬೇಕು.

ಇವತ್ತು ಭಾನುವಾರ ಮಧ್ಯಾಹ್ನ ಸಾವಿತ್ರೆವ್ವ ರೊಟ್ಟಿ ಕಟ್ಟಿಕೊಂಡು ಹೊರಡುವ ಮುಂಚೆ ನಡುಮನೆಯ ಗೋಡೆಯತ್ತ ನೋಡಿದಳು. ಜೋಡುನಳಿಗೆ ತನ್ನ ಗೂಟದಲ್ಲೇ ಇತ್ತು. ರೈಫಲ್ಲಿನ ಗೂಟ ಖಾಲಿ.

ಸಂಗತಿ ಇಷ್ಟು. ಅಪ್ಪಾಸಾಬನ ಕಬ್ಬಿನಲ್ಲಿ ಒಂದು ದೊಡ್ಡ ಕಾಡುಹಂದಿ ಸೇರಿಕೊಂಡು ಹಾವಳಿ ಎಬ್ಬಿಸಿತ್ತು. ನೀರು ಹಾಯಿಸಲು ಹೋದ ಭರಮುವಿನ ತೊಡೆಯನ್ನು ಅದು ಸೀಳಿ, ಅವನು ನಿಪ್ಪಾಣಿಯ ದವಾಖಾನೆಯಲ್ಲಿ ಹದಿನೆಂಟು ಹೊಲಿಗೆ ಹಾಕಿಸಿಕೊಂಡು ಮಲಗಿದ್ದ. ಅರಣ್ಯ ಇಲಾಖೆಯವರು ಹಂದಿ ಹೊಡೆಯಲು ಪರವಾನಗಿ ಕೊಟ್ಟದ್ದು ಜಕ್ಕಪ್ಪನ ಹೆಸರಿಗೆ. ಕಬ್ಬು ಕಡಿಯುವ ಕೂಲಿಗಳ ಟೋಳಿ ನಾಲ್ಕೂ ಕಡೆಯಿಂದ ಕಡಿಯುತ್ತಾ ಬಂದು, ಈಗ ಹೊಲದ ನಡುವೆ ಒಂದು ಪಟ್ಟಿ ಮಾತ್ರ ಉಳಿದಿತ್ತು. ಹಂದಿ ಅದರೊಳಗೆ ಇತ್ತು. ಬೆಳಿಗ್ಗೆ ಹೊರಡುವಾಗ ಜಕ್ಕಪ್ಪ ಹೆಂಡತಿಗೆ, "ನಾ ಬರೇ ಕುಂದ್ರತೀನಿ, ಹತ್ರ ಬಂದ್ರ ಜೋಡುನಳಗಿಲೆ ಎರಡು ಢಂ ಢಂ ಅನಸಿ ಹೆದರಸ್ತೀನಿ, ಆತಲ್ಲ?" ಎಂದಿದ್ದ. ಅವಳು ನಂಬಿ ರೊಟ್ಟಿ ಬಡಿಯಲು ಕೂತಿದ್ದಳು. ನಂಬಿದ್ದಕ್ಕೆ ಈಗ ತನ್ನನ್ನೇ ಬೈದುಕೊಂಡಳು.

ಯಾಕೆಂದರೆ ಜಕ್ಕಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ. ಬಲಗಣ್ಣಿಗೆ ಪೂರ್ತಿ ಪೊರೆ, ಎಡಗಣ್ಣಿಗೆ ಅರ್ಧ. ಮೀರಜಿನ ಡಾಕ್ಟರು ಆಪರೇಷನ್ ಆಗಲೇಬೇಕು ಎಂದು ಎರಡು ತಿಂಗಳ ಹಿಂದೆಯೇ ಹೇಳಿದ್ದರು. ಇದು ಊರಲ್ಲಿ ಗೊತ್ತಿದ್ದದ್ದು ಸಾವಿತ್ರೆವ್ವ ಒಬ್ಬಳಿಗೇ. ಗೊತ್ತಾದರೆ ಲೈಸನ್ಸು ಹೋಗುತ್ತದೆಂದು ಆತ ಅವಳಿಂದ ಆಣೆ ಹಾಕಿಸಿಕೊಂಡಿದ್ದ. ಲೈಸನ್ಸಿಗೆ ಬೇಕಾದ ಡಾಕ್ಟರ ಸರ್ಟಿಫಿಕೇಟನ್ನು ಸಂಪಾದಿಸಿದ ಬಗೆ ಕೇಳಿದರೆ ನಗು ಬರಬೇಕು: ಪಾಳಿಯಲ್ಲಿ ಮುಂದೆ ನಿಂತವರು ಗೋಡೆಯ ಅಕ್ಷರ ಓದುವುದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿ, ತನ್ನ ಪಾಳಿ ಬಂದಾಗ ಸರಾಗವಾಗಿ ಒಪ್ಪಿಸಿಬಿಟ್ಟಿದ್ದ. ಅವತ್ತು ಸಾವಿತ್ರೆವ್ವನೂ ನಕ್ಕಿದ್ದಳು. ಮನೆಗೆ ಬಂದ ಮೇಲೆ ಅವನು ಎಮ್ಮೆಯ ಬಾನಿಯ ಪಕ್ಕದ ನೆಲಕ್ಕೆ ಹಿಂಡಿ ಸುರಿದಾಗ ನಗು ನಿಂತಿತ್ತು.

ಜೋಡುನಳಿಗೆಯ ಚರೆ ಐವತ್ತು ಹೆಜ್ಜೆಗೆ ಸುಸ್ತಾಗಿ ಬೀಳುತ್ತದೆ. ರೈಫಲ್ಲಿನ ಗುಂಡು ಹಾಗಲ್ಲ. ಅದು ಹಂದಿಯೊಳಗೆ ಹೊಕ್ಕು ಆ ಕಡೆ ಹೊರಬಿದ್ದು, ಕಬ್ಬು ಸೀಳಿಕೊಂಡು ಮುಂದಿನ ಹೊಲದವರೆಗೂ ಹೋಗಬಲ್ಲದು ಎಂದು ಮಾವ ಹೇಳುತ್ತಿದ್ದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಸುತ್ತ ಊರಿನ ಮಂದಿ ನೆರೆದಿರುವ ಹೊಲದಲ್ಲಿ ಕಣ್ಣಿಲ್ಲದವನ ಕೈಗೆ ಅದು! ರೊಟ್ಟಿಯ ಗಂಟನ್ನು ಕಟ್ಟೆಯ ಮೇಲೆ ಬಿಟ್ಟು ಅವಳು ಕಾಲುವೆಯ ಒಳದಾರಿ ಹಿಡಿದು ಓಡಿದಳು. ಅರವತ್ತೆರಡರ ಹೆಂಗಸು, ನಡು ಹಿಡಿದುಕೊಂಡೇ ಓಡಿದಳು.

ಒಳದಾರಿ ಹೊಲದ ಹಿಂಬದಿಗೆ ಬಂದು ಮುಟ್ಟುತ್ತದೆ. ಅಲ್ಲಿ ಕಾಲುವೆಯ ಜಾಲಿಯ ನೆರಳಿನಲ್ಲಿ ಟೋಳಿಯ ನೀಲಮ ಕೂಸಿಗೆ ಮೊಲೆಯೂಡಿಸುತ್ತಾ ಕೂತಿದ್ದಳು.

"ಇಲ್ಲ್ಯಾಕ ಕುಂತೀಯವಾ? ಎಲ್ಲಾರೂ ರಸ್ತಾದ ಕಡೆ ಇರ್ರಿ ಅಂದಿದ್ದಿಲ್ಲೇನು?"

"ಅಂದಿದ್ರರಿ ಆಯಿ. ಅಲ್ಲಿ ಡಬ್ಬಿ ಬಡ್ಯಾಕತ್ಯಾರ, ಕೂಸು ಬೆಚ್ಚತೈತಿ."

"ಏಳು, ಕಾಲುವಿಯೊಳಗ ಇಳದ ಕುಂದ್ರು. ಲಗೂನ."

ನೀಲಮ ಏಳಲಿಲ್ಲ. ಈಗತಾನೇ ಹಾಲು ಹಿಡಿದ ಕೂಸನ್ನು ಬಿಡಿಸಲು ಯಾವ ತಾಯಿಗೆ ಮನಸ್ಸಾದೀತು? ಸಾವಿತ್ರೆವ್ವ ಹೊಲದತ್ತ ನೋಡಿದಳು. ಇನ್ನೂರು ಹೆಜ್ಜೆ ಆಚೆ, ಪಟ್ಟಿಯ ತುದಿಗೆ ಎದುರಾಗಿ, ಬದುವಿನ ಮೇಲೆ ಬಿಳಿ ರುಮಾಲು ಒಂದೇ ಒಂದು ಕಾಣುತ್ತಿತ್ತು. ಅವನು ಒಂಟಿಯಾಗಿ ಕೂತಿದ್ದ. ಮಂದಿ ಎಲ್ಲ ಬಲಕ್ಕೆ, ರಸ್ತೆಯ ಬದಿಗೆ, ಟ್ರ್ಯಾಕ್ಟರಿನ ಹಿಂದೆ ಗುಂಪಾಗಿದ್ದರು.

ಕೂಗಿದ್ದರೆ ಅಲ್ಲಿಂದಲೇ ಕೂಗಬಹುದಿತ್ತು. ಆದರೆ ಏನಂತ ಕೂಗುವುದು? ಕೂಗಿದರೆ ಅಪ್ಪಾಸಾಬ ಕೇಳುತ್ತಾನೆ, ಟೋಳಿ ಕೇಳುತ್ತದೆ, ಸಂಜೆಗೆ ಚಹದಂಗಡಿ ಕೇಳುತ್ತದೆ. ನಲವತ್ತು ವರ್ಷ ಊರಿನ ಹೊಲ ಕಾದ ಮನುಷ್ಯನನ್ನು ಮಕ್ಕಳು ಕುರುಡಜ್ಜ ಎಂದು ಕರೆದಾರು. ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದರೆ ಮುಗಿಯಿತಲ್ಲ? ಹೊಟ್ಟೆ ನೋವೋ, ಗುಂಡು ಕೆಟ್ಟಿದೆಯೋ, ಏನೋ ಒಂದು ನೆಪ ಹೇಳಿ ಅವನೇ ಎದ್ದು ಬಂದಾನು. ಅವಳು ಸೆರಗು ಬಿಗಿದು ನಡೆದಳು.

ಕಡಿದ ಕಬ್ಬಿನ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ಪಟ್ಟಿಯ ಅಂಚಿನಲ್ಲಿ ಒಣಗಿದ ಕಬ್ಬಿನ ಎಲೆಯ ರವದಿ ಮೆತ್ತಗೆ ಹಾಸಿತ್ತು, ಮೇಲೆ ಕಬ್ಬಿನ ನೆರಳೂ ಇತ್ತು. ರಸ್ತೆಯ ಮಂದಿಯ ಕಣ್ಣಿಗೂ ಬೀಳುವುದಿಲ್ಲ. ಅವಳು ಆ ಅಂಚನ್ನೇ ಹಿಡಿದು, ಕರಿ ಇಳಕಲ್ಲ ಸೀರೆಯ ನಿರಿಗೆ ಮೇಲೆತ್ತಿ, ನಡು ಬಗ್ಗಿಸಿ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾ ಮುಂದೆ ಸಾಗಿದಳು.

ರಸ್ತೆಯ ಬದಿಯಿಂದ ಡಬ್ಬಿಗಳ ಸದ್ದು ಜೋರಾಯಿತು. "ಹೋ! ಹೋ! ಹೊಂಟೈತಿ, ಹೊಂಟೈತಿ!" ಎಂದು ಯಾರೋ ಕಿರುಚಿದರು. ಕಬ್ಬಿನೊಳಗೆ ಏನೋ ದಪ್ಪದ್ದು ರವದಿ ತುಳಿದುಕೊಂಡು ಓಡಿತು, ನಿಂತಿತು, ಮತ್ತೆ ಓಡಿತು. ಎಲ್ಲಿ ಎಂದು ತಿಳಿಯಲಿಲ್ಲ. ಒಮ್ಮೆ ತನ್ನ ಮಗ್ಗುಲಲ್ಲೇ ಉಸಿರು ಬಿಟ್ಟಂತಾಯಿತು. ಭರಮುವಿನ ಸೀಳಿದ ತೊಡೆ ನೆನಪಾಯಿತು. ಹಿಂದೆ ಹೋಗಲೇ, ಮುಂದೆ ಹೋಗಲೇ? ಇನ್ನು ಎಂಬತ್ತು ಹೆಜ್ಜೆ.

ಆಗ ಬದುವಿನ ಮೇಲಿನ ರುಮಾಲು ಅಲುಗಿತು. ಜಕ್ಕಪ್ಪ ಒಂದು ಮೊಣಕಾಲೂರಿ ಎದ್ದು ಕೂತ. ರೈಫಲ್ಲಿನ ನಳಿಗೆ ನಿಧಾನಕ್ಕೆ ತಿರುಗಿ ಕಬ್ಬಿನ ಈ ಅಂಚಿಗೆ ಬಂದು ನಿಂತಿತು.

ಹಂದಿ ಇಲ್ಲೇ ಇದೆ, ನನ್ನ ಮಗ್ಗುಲಲ್ಲೇ, ಇವರಿಗೆ ಕಂಡಿದೆ ಎಂದುಕೊಂಡಳು ಸಾವಿತ್ರೆವ್ವ. ಮರುಕ್ಷಣ ಅವಳಿಗೆ ಬೆನ್ನ ಹಿಂದಿನ ಜಾಲಿಯ ಮರ ನೆನಪಾಯಿತು. ಈ ಅಂಚಿಗೆ ಹೊಡೆದ ಗುಂಡು ನೆಟ್ಟಗೆ ಹೋಗಿ ಮುಟ್ಟುವುದು ಅಲ್ಲಿಗೇ. ತಿರುಗಿ ನೋಡಿದಳು: ನೀಲಮ ಇನ್ನೂ ಅಲ್ಲೇ ಕೂತಿದ್ದಳು, ಕೂಸಿನ ತಲೆಯ ಮೇಲೆ ಸೆರಗು ಹೊದಿಸಿಕೊಂಡು.

ಆಣೆ, ಮಾನ, ಲೈಸನ್ಸು ಎಲ್ಲ ಬದಿಗಿಟ್ಟು ಸಾವಿತ್ರೆವ್ವ ಗಂಟಲು ಹರಿಯುವಂತೆ ಒದರಿದಳು.

"ಹೊಡೀಬ್ಯಾಡ್ರೀ! ಯಾರರ ಅವರನ್ನ ಹಿಡೀರಿ! ಅವರಿಗೆ ಕಣ್ಣ ಕಾಣಂಗಿಲ್ಲಾ! ಎರಡೂ ಕಣ್ಣ ಹೋಗ್ಯಾವು!"

ಡಬ್ಬಿಗಳ ಸದ್ದು ನಿಂತಿತು. ನಳಿಗೆ ಒಂದು ಕ್ಷಣ ಇದ್ದಲ್ಲೇ ಇತ್ತು, ಆಮೇಲೆ ಕೆಳಗಿಳಿಯಿತು.

ಅಷ್ಟರಲ್ಲಿ ಹಂದಿ ರಸ್ತೆಯ ಬದಿಯಿಂದ ಹೊರಬಿತ್ತು. ಟ್ರ್ಯಾಕ್ಟರಿನ ಹಿಂದಿದ್ದ ಮಂದಿ ಚೆಲ್ಲಾಪಿಲ್ಲಿಯಾಗಿ, ಇಬ್ಬರು ಟ್ರಾಲಿ ಹತ್ತಿ, ಒಬ್ಬ ಕಾಲುಜಾರಿ ಬಿದ್ದು, ಅದು ನಡುವೆ ನುಗ್ಗಿ ರಸ್ತೆ ದಾಟಿ ಬಾಳಾಸಾಬನ ಕಬ್ಬು ಹೊಕ್ಕಿತು. ಯಾರಿಗೂ ಪೆಟ್ಟಾಗಲಿಲ್ಲ.

ಅಪ್ಪಾಸಾಬ ಕೆಂಪಗಾಗಿ ಓಡಿ ಬಂದ. "ಕಾಕು, ಏನ್ ಮಾಡಿದ್ರಿ ಇದು? ನಾಕ್ ದಿವಸದಿಂದ ಹೊಂಚ ಹಾಕೇವಿ! ಮತ್ತ ಕಾಕಾ, ನೀವರ ಹೇಳಬೇಕಿಲ್ಲೇನ್ರಿ? ಕಣ್ಣಿಲ್ಲಂದ್ರ ಪರ್ಮಿಟ್ ಯಾಕ ತಗೊಂಡ್ರಿ?"

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಜಕ್ಕಪ್ಪ ರೈಫಲ್ಲಿನಿಂದ ಗುಂಡು ಹೊರಗೆ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡ. ಎರಡು ಸಲ ಕಿಸೆ ತಪ್ಪಿತು. ಆಮೇಲೆ ಬದು ಇಳಿದು ಕಾಲುವೆಯ ದಾರಿ ಹಿಡಿದ. ಸಾವಿತ್ರೆವ್ವ ಹತ್ತು ಹೆಜ್ಜೆ ಹಿಂದೆ ನಡೆದಳು. ಅವಳಿಗೆ ಅಳು ಬರುತ್ತಿತ್ತು. ಗಂಡನಿಗೆ ಇಂಥ ಅವಮಾನ ಮಾಡಿದ ಹೆಂಡತಿ ಈ ಊರಲ್ಲಿ ತಾನೊಬ್ಬಳೇ ಎನಿಸಿತು.

ಊರು ಕಾಣುವ ಮುಂಚೆ, ಕಾಲುವೆಯ ತೂಬಿನ ಕಲ್ಲಿನ ಹತ್ತಿರ ಜಕ್ಕಪ್ಪ ನಿಂತ. ಕೈಯಾಡಿಸಿ ಕಲ್ಲು ಹುಡುಕಿ ಕೂತ.

"ತಪ್ಪಾತ್ರಿ," ಎಂದಳು ಅವಳು. "ಹತ್ರ ಬಂದು ಮೆಲ್ಲಕ ಹೇಳಬೇಕಂತ ಮಾಡಿದ್ದೆ. ಮಂದಿ ಮುಂದ ನಿಮ್ಮ ಮಾನಾ ತಗದೆ. ಬೈರಿ ಬೇಕಾದ್ರ, ಸುಮ್ನ ಮಾತ್ರ ಕೂಡಬ್ಯಾಡ್ರಿ."

ಅವನು ಬೈಯಲಿಲ್ಲ. ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದ.

"ನೀ ಎಲ್ಲಿಂದ ಒದರಿದಿ ಸಾವಿತ್ರಿ?"

"ಕಬ್ಬಿನ ಅಂಚಿಗೆ ಬರಾಕತ್ತಿದ್ನಿರಿ. ಈ ಕಡೆ ಅಂಚಿಗೆ."

"ಬಗ್ಗಿ ಬರಾಕತ್ತಿದ್ದೇನು?"

"ಹೌದ್ರಿ. ಮಂದಿಗಿ ಕಾಣಬಾರದಂತ."

ಜಕ್ಕಪ್ಪನ ಕೈಯಿಂದ ರೈಫಲ್ಲು ಜಾರಿ ಹುಲ್ಲಿನ ಮೇಲೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ.

"ಹಂದಿ ಅಂಚಿಗೆ ಬರೋದು ನಾ ಕಂಡೆ," ಎಂದ. "ಕರ್ರಗ ಇತ್ತು. ನಾಕ್ ಹೆಜ್ಜಿ ಬರೂದು, ನಿಂದ್ರೂದು. ರೈಫಲ್ಲಿನ ಕುದುರಿ ಮ್ಯಾಲ ಬೆರಳ ಇಟ್ಟು, ಉಸಿರು ಹಿಡದೆ. ಒತ್ತಬೇಕು, ಅಷ್ಟ್ರಾಗ ಹಂದಿ ನಿನ್ನ ದನೀಲೆ ಒದರಿತು."

ಸಾವಿತ್ರೆವ್ವ ಅವನ ಪಕ್ಕದಲ್ಲಿ ನೆಲದ ಮೇಲೆಯೇ ಕುಸಿದು ಕೂತಳು. ಅವನು ತಡಕಾಡಿ ಅವಳ ಮುಂಗೈ ಹಿಡಿದ. ಅವಳಿಗೆ ನೋವಾಗುವಷ್ಟು ಬಿಗಿಯಾಗಿ ಹಿಡಿದ.

"ಕೈ ನಡಗಿದ್ದಿಲ್ಲ ಸಾವಿತ್ರಿ," ಎಂದ. "ಒಂದೀಟೂ ನಡಗಿದ್ದಿಲ್ಲ. ನಾ ತಪ್ಪತಿದ್ದಿಲ್ಲ."