ಗಾದಿ ಬಿಟ್ಟೇಳದ ಮಾಲಕ

ಶಾಂತಲಿಂಗಪ್ಪ ಹರೆಯದಲ್ಲಿ ಚಾದರಗಳ ಗಂಟು ಹೆಗಲಿಗೇರಿಸಿಕೊಂಡು ಮೈಂದರ್ಗಿ, ದುಧನಿ, ತಡವಳ ಅಂತ ಊರೂರು ನಡೆದು ಮಾರಿದವನು. ಸೊಲ್ಲಾಪುರದಲ್ಲಿ ಸ್ವಂತ ಅಂಗಡಿಯಾದ ಮೇಲೆ ಬೆಳಿಗ್ಗೆ ಗಾದಿಯ ಮೇಲೆ ಕುಳಿತನೆಂದರೆ ಬಾಗಿಲು ಹಾಕುವವರೆಗೆ ಏಳುತ್ತಿರಲಿಲ್ಲ. ನೀರು, ಚಹಾ, ಊಟ ಎಲ್ಲ ಅಲ್ಲಿಗೇ ಬರಬೇಕು. ಮಾಲು ತೆಗೆದು ತೋರಿಸುವುದು ಮಗ ನಿಲೇಶನ ಕೆಲಸ.

ಬೇಸಿಗೆಯಲ್ಲಿ ಅವನ ಕಾಲು ಬಾತವು. ಹೀಗೆ ಒಂದೇ ಸಮ ಕೂಡಬಾರದು, ಆಗಾಗ ಎದ್ದು ಅಡ್ಡಾಡಬೇಕು ಎಂದು ಡಾಕ್ಟರು ಗದರಿಸಿ ಕಳಿಸಿದರು. ಅಂಗಡಿಯ ಹಿಂದೆಯೇ ಮನೆ. ಅಂದಿನಿಂದ ಸೊಸೆ ಪೂನಮ ಚಹಾ ತರುವುದನ್ನು ಬಿಟ್ಟು ಒಳಬಾಗಿಲಲ್ಲಿ ನಿಂತು ಕರೆಯತೊಡಗಿದಳು.

"ಮಾವಾರ, ಚಹಾ ಒಳಗ ಐತ್ರಿ. ಎದ್ದು ಬರ್ರಿ."

"ನಡದದ್ದು ಸಾಕಾಗೇತಿ ನನಗ. ಗಂಟು ಹೊರಾಂವ ನಡೀತಾನ, ಮಾಲಕ ಕೂಡ್ತಾನ. ಈ ಗಾದಿ ಯಾರೂ ಪುಕ್ಕಟ ಕೊಟ್ಟಿಲ್ಲ."

ಅವನ ಹೆಂಡತಿ ನೀಲಗಂಗಾ ಗಂಡನ ಸಿಟ್ಟಿಗೆ ಅಂಜಿ, ಸೊಸೆಯ ಕಣ್ಣು ತಪ್ಪಿಸಿ ಚಹಾ ಒಯ್ದು ಕೊಡುತ್ತಿದ್ದಳು.

ಶ್ರಾವಣದಲ್ಲಿ ಒಂದು ಮಧ್ಯಾಹ್ನ, ಗಿರಾಕಿಗಳು ಕುಳಿತಿರುವಾಗಲೇ ಶಾಂತಲಿಂಗಪ್ಪ ಎದೆ ಹಿಡಿದುಕೊಂಡ. "ನಿಲೇಶಾ, ಉಸಿರಾಡಾಕ ಬರವಲ್ದು" ಅಂದ. ದವಾಖಾನೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಪುಪ್ಪುಸಕ್ಕೆ ಏರಿರಬೇಕು ಎಂದರು ಡಾಕ್ಟರು.

ಹೆಣವನ್ನು ಹುಟ್ಟೂರು ಮೈಂದರ್ಗಿಗೆ ಒಯ್ದರು. ಲಿಂಗಾಯತರ ಪದ್ಧತಿಯಂತೆ ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿದರು. ಕುಣಿಯಲ್ಲೂ ಹಾಗೆಯೇ ಕೂಡಿಸಿ ಮಣ್ಣು ಕೊಡುವುದು. ನೀಲಗಂಗಾ ಒಮ್ಮೆಲೇ ಚೀರಿದಳು.

"ಇನ್ನಾರ ಕೂಡಸಬ್ಯಾಡ್ರಿ ಅವರನ್ನ! ಮಲಗಸ್ರಿ, ಕಾಲು ಚಾಚಲಿ!"

ಯಾರೂ ಕಿವಿಗೊಡಲಿಲ್ಲ. ಹೆಂಗಸರು ಅವಳನ್ನು ರಟ್ಟೆ ಹಿಡಿದು ಒಳಗೆ ಕರೆದೊಯ್ದರು.

ದಿನಕರ್ಮ ಮುಗಿದು ಅಂಗಡಿ ತೆರೆದ ದಿನ, ತೀರಿಹೋದವನ ತಮ್ಮ ಧರೆಪ್ಪ ನಿಲೇಶನ ಕೈ ಹಿಡಿದ. "ಬಾ ತಮ್ಮಾ, ಅಪ್ಪನ ಜಾಗಾದಾಗ ಕೂಡು."

ನಿಲೇಶ ಚಪ್ಪಲಿ ಬಿಡುತ್ತಿದ್ದಂತೆ ನೀಲಗಂಗಾ ಒಳಗಿಂದ ಬಂದು ಗಾದಿಯನ್ನು ಸುರುಳಿ ಸುತ್ತತೊಡಗಿದಳು. ಅದು ಭಾರವಿತ್ತು, ಪೂನಮ ಇನ್ನೊಂದು ತುದಿ ಹಿಡಿದಳು.

"ವೈನಿ, ಮಂದಿ ಏನಂದಾರು?" ಧರೆಪ್ಪ ಅತ್ತಿಗೆಯನ್ನು ತಡೆದ.

"ಅನ್ಲಿ. ಗಂಡಗ ಅಂಜಿ ಕೂತಲ್ಲೇ ಚಹಾ ಕೊಟ್ಟೆ. ಮಗಗ ಕೊಡಂಗಿಲ್ಲ."

ಧರೆಪ್ಪ ಸಿಟ್ಟಾಗಿ ಹೊರಟುಹೋದ. ನಿಲೇಶ ನಿಂತೇ ವ್ಯಾಪಾರ ಮಾಡಿದ. ಮಾಲಕ ನಿಂತಿರಬಾರದೆಂದು ಸಂಜೆ ಧರೆಪ್ಪ ಕಾಕಾ ಹೊಸ ಕುರ್ಚಿಯೊಂದನ್ನು ಕಳಿಸಿಕೊಟ್ಟ. ನಿಲೇಶ ಅದರಲ್ಲಿ ಕುಳಿತು ಮೊಬೈಲು ತೆಗೆದ. ಎಷ್ಟೋ ಹೊತ್ತಾದರೂ ಏಳಲಿಲ್ಲ.

"ಏಳ್ರಿ," ಅಂದಳು ಪೂನಮ.

"ಈಗಷ್ಟ ಕೂತೀನಿ. ನೀನೂ ಶುರು ಮಾಡಬ್ಯಾಡ."

ಅವಳು ಅಲ್ಲಿಂದ ಕದಲಲಿಲ್ಲ. ಹಿಂದೆ ಅತ್ತೆಯೂ ಬಂದು ನಿಂತಳು. ನಿಲೇಶ ಇಬ್ಬರನ್ನೂ ನೋಡಿದ, ಬೈದುಕೊಳ್ಳುತ್ತಲೇ ಎದ್ದು ಅಡ್ಡಾಡಲು ರಸ್ತೆಗಿಳಿದ.