ಕರಡಿಗೆಂದು ಕೇಳಿದ ಪಿಸ್ತೂಲು

ಕರಡಿಗೆ ಯಾರೂ ಪಿಸ್ತೂಲು ಕೊಳ್ಳುವುದಿಲ್ಲ. ನ್ಯೂಜೆರ್ಸಿಯ ನಮ್ಮ ಸಸೆಕ್ಸ್ ಕೌಂಟಿಯಲ್ಲಿ ಕಸದ ಡಬ್ಬಿಗೆ ಕರಡಿ ಬಂದರೆ ಪಾತ್ರೆ ಬಡಿಯುತ್ತೇವೆ, ನಾಯಿ ಬೊಗಳಿಸುತ್ತೇವೆ, ತೀರಾ ಮಿತಿಮೀರಿದರೆ ಅರಣ್ಯದವರಿಗೆ ಫೋನ್ ಮಾಡುತ್ತೇವೆ. ಬೇಟೆಯಾಡುವವರು ಉದ್ದ ಕೋವಿ ಹಿಡಿದು ಹೋಗುತ್ತಾರೆ. ಪಿಸ್ತೂಲಿನಿಂದ ಹೊಡೆದರೆ ಕರಡಿಗೆ ಸಿಟ್ಟು ಬರುತ್ತದೆ, ಅಷ್ಟೆ. ಇದು ಹೋಬಾರ್ಟ್ ಸ್ನೂಕ್‌ಗೆ ಗೊತ್ತಿಲ್ಲದ ವಿಷಯವಲ್ಲ. ಅವನು ಇಲ್ಲೇ ಹುಟ್ಟಿ ಇಲ್ಲೇ ಮುದುಕನಾದವನು.

ಆದ್ದರಿಂದಲೇ ಠಾಣೆಯಿಂದ ಡಿಟೆಕ್ಟಿವ್ ಪಡುವಾನೋ ಫೋನ್ ಮಾಡಿದಾಗ ನಾನು ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟೆ.

"ರೋಡಾ ಡೆಕರ್ ಅವರಾ? ಹೋಬಾರ್ಟ್ ಸ್ನೂಕ್ ಅನ್ನೋರು ಪಿಸ್ತೂಲ್ ಪರವಾನಗಿಗೆ ಅರ್ಜಿ ಹಾಕಿದಾರೆ. ಸಾಕ್ಷಿ ಅಂತ ನಿಮ್ಮ ಹೆಸರು ಕೊಟ್ಟಿದಾರೆ. ನಿಮಗೊಂದು ಈಮೇಲ್ ಕಳಿಸಿದ್ವಿ, ಉತ್ತರ ಬಂದಿಲ್ಲ."

"ನಾನು ಕುದುರೆಗೆ ಲಾಳ ಹೊಡೆಯೋಳು ಕಣ್ರೀ. ಈಮೇಲ್ ನೋಡ್ಕೊಂಡು ಕೂತ್ರೆ ಕುದುರೆ ಕಾಯುತ್ತಾ? ಯಾತಕ್ಕಂತೆ ಪಿಸ್ತೂಲು?"

"ಮೇವಿನ ಪೆಟ್ಟಿಗೆಗೆ ಕರಡಿ ಬರುತ್ತಂತೆ. ಕಾರಣ ಹೇಳಲೇಬೇಕು ಅಂತೇನಿಲ್ಲ, ಅವರಾಗೇ ಹೇಳಿದ್ರು. ಹೌದು ಅಂದ್ಬಿಟ್ರೆ ನನ್ನ ಕೆಲಸ ಮುಗೀತು, ಮೇಡಂ."

"ನಾಳೆ ಹೇಳ್ತೀನಿ" ಎಂದು ಫೋನಿಟ್ಟೆ.

ನ್ಯೂಜೆರ್ಸಿಯಲ್ಲಿ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಪಿಸ್ತೂಲು ತರಲಾಗುವುದಿಲ್ಲ. ಮೊದಲು ಊರಿನ ಪೊಲೀಸರ ಪರವಾನಗಿ ಬೇಕು. ಬೆರಳಚ್ಚು ಕೊಡಬೇಕು. ಸಂಬಂಧಿಕರಲ್ಲದ ಇಬ್ಬರು ಇವನು ಯೋಗ್ಯ ಎಂದು ಹೇಳಬೇಕು. ನದಿಯಾಚೆ ಪೆನ್ಸಿಲ್ವೇನಿಯದಲ್ಲಿ ಇಷ್ಟು ರಗಳೆಯಿಲ್ಲ, ಆದರೆ ನಮ್ಮ ಕಡೆಯವರಿಗೆ ಅಲ್ಲಿನ ಅಂಗಡಿಯವರು ಪಿಸ್ತೂಲು ಮಾರುವಂತಿಲ್ಲ. ಈ ಕಾನೂನನ್ನು ನಾನೂ ಬಾಯಿತುಂಬ ಬೈದವಳೇ. ನನ್ನ ಗಂಡ ಎಲ್ಡನ್‌ಗೆ ಜಿಂಕೆ ಬೇಟೆಯ ಕೋವಿಗೆ ಪರವಾನಗಿ ಕಾರ್ಡು ಕೊಡಲು ಬೇಸಿಗೆಯಿಡೀ ಸತಾಯಿಸಿದಾಗ ಠಾಣೆಗೇ ಹೋಗಿ ಮೇಜು ಕುಟ್ಟಿ ಬಂದಿದ್ದೆ. ನಿಮ್ಮಪ್ಪನ ಮನೆಯಿಂದ ಕೊಡ್ತೀರಾ ಅಂತ ಕೇಳಿದ್ದೆ.

ಈಗ ಅದೇ ಠಾಣೆಯವರು ಒಂದೇ ಒಂದು ಮಾತು ಕೇಳಿದರೆ ನಾಳೆ ಅಂದಿದ್ದೆ.

ಹೋಬಾರ್ಟ್, ನನ್ನ ಪಾಲಿಗೆ ಹೋಬಿ, ಕುದುರೆಯವನು. ಬಾರ್ನಿ, ಪರ್ಲ್ ಎಂಬ ಎರಡು ದೊಡ್ಡ ಬಂಡಿಕುದುರೆ ಇಟ್ಟುಕೊಂಡು, ಕುಂಬಳಕಾಯಿಯ ಸುಗ್ಗಿಯಲ್ಲಿ ಒಣಹುಲ್ಲಿನ ಬಂಡಿಯಲ್ಲಿ ಮಕ್ಕಳನ್ನು ಕೂರಿಸಿ ಹೊಲ ಸುತ್ತಿಸುತ್ತಿದ್ದ. ಮದುವೆಯಾಗಲಿಲ್ಲ. ನನಗೆ ಈ ಕಸುಬು ಕಲಿಸಿದವನು ಅವನೇ. ಹುಡುಗಿಗೆ ಲಾಳ ಹೊಡೆಯಲು ಯಾರೂ ಕುದುರೆ ಕೊಡದ ಕಾಲದಲ್ಲಿ, "ಒದ್ರೆ ನಿನ್ನ ಹಲ್ಲು ಹೋಗುತ್ತೆ, ನನ್ನದಲ್ಲ" ಎಂದು ನಕ್ಕು ತನ್ನ ಕುದುರೆಯ ಕಾಲನ್ನು ನನ್ನ ಕೈಗೆ ಕೊಟ್ಟವನು. ಮನೆಯಲ್ಲಿ ಒಂದು ಗಾಳಿಕೋವಿಯನ್ನೂ ಇಟ್ಟವನಲ್ಲ. ಸದ್ದಿಗೆ ಕುದುರೆ ಬೆದರುತ್ತವೆ ಅನ್ನುತ್ತಿದ್ದ.

ಹೋದ ವರ್ಷ ಅವನ ಕೈ ನಡುಗತೊಡಗಿತು. ಡಾಕ್ಟರು ಅದಕ್ಕೊಂದು ಹೆಸರು ಕೊಟ್ಟರು, ಮಾತ್ರೆ ಕೊಟ್ಟರು. ಕೈ ನಡುಗುವವನ ಹಿಡಿತದಲ್ಲಿ ಲಗಾಮು ನಡುಗುತ್ತದೆ, ಲಗಾಮು ನಡುಗಿದರೆ ಕುದುರೆಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ಈ ಸಲ ಬಂಡಿ ಹೊರಡಲಿಲ್ಲ. ಕೇಳಿದವರಿಗೆಲ್ಲ, "ಮಕ್ಕಳು ಈಗ ಫೋನ್ ನೋಡ್ತವೆ, ಬಂಡಿ ಯಾರಿಗೆ ಬೇಕು" ಅಂದ.

ರಾತ್ರಿ ಊಟಕ್ಕೆ ಕೂತಾಗ ಎಲ್ಡನ್‌ಗೆ ಹೇಳಿದೆ.

"ಹೌದು ಅಂದ್ಬಿಡು" ಅಂದ ಅವನು, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ಇನ್ನೊಬ್ಬ ಸಾಕ್ಷಿ, ಮೇವಿನಂಗಡಿ ಕ್ಲೈಡ್, ಆಗ್ಲೇ ಹೌದು ಅಂದಿದಾನಂತೆ. ನೀನ್ಯಾಕೆ ಅಡ್ಡ ಹಾಕ್ತೀಯ?"

"ಕರಡಿಗೆ ಪಿಸ್ತೂಲು ಅಂತಾನೆ."

"ಮುದುಕ. ಏನೋ ಹೆದರಿಕೆ."

"ಹೋಬಿಗಾ? ಹೆದರಿಕೆಯಾ? ನಿನ್ನ ತಲೆ."

"ಅನುಮಾನ ಇದ್ರೆ ಅವನನ್ನೇ ಕೇಳು. ಪಾದ್ರಿಗಳ ಮುಖಕ್ಕೇ ನಿಮ್ಮ ಪ್ರವಚನ ಉದ್ದ ಅಂದೋಳು ನೀನು. ಇದೊಂದು ಕೇಳೋಕಾಗಲ್ವಾ?"

ಅದೇ ನನ್ನ ಕಷ್ಟ. ಎಂಥ ಮಾತನ್ನಾದರೂ ಎಂಥವರ ಮುಖಕ್ಕಾದರೂ ಹೇಳುತ್ತೇನೆ. ಆದರೆ ನೀನು ಸಾಯಬೇಕು ಅಂದುಕೊಂಡಿದ್ದೀಯಾ ಎಂಬ ಮಾತನ್ನು ಮಾತ್ರ ಕೇಳಲಾರದೆ ಹೋದೆ. ಇಲ್ಲ ಎಂದು ಅವನು ನಕ್ಕರೆ? ಹೌದು ಅಂದರೆ? ಕೇಳಿದ್ದರಿಂದಲೇ ಅವನಿಗೆ ಆ ದಾರಿ ಹೊಳೆದರೆ?

ಮರುದಿನ ಪಡುವಾನೋ ಫೋನ್ ಮಾಡಿದ, ಎತ್ತಲಿಲ್ಲ. ಅದರ ಮರುದಿನವೂ ಎತ್ತಲಿಲ್ಲ. ನಾನು ಹೇಳುವವರೆಗೆ ಪರವಾನಗಿ ಅಲ್ಲೇ ನಿಂತಿರುತ್ತದೆ ಅನ್ನುವುದೊಂದೇ ಧೈರ್ಯ. ಅಷ್ಟರಲ್ಲಿ ಹೋಬಾರ್ಟನ ಫೋನೇ ಬಂತು.

"ರೋಡಾ, ಶನಿವಾರ ಬಾ. ಎರಡೂ ಕುದುರೆದು ಲಾಳ ಕಿತ್ತು ಗೊರಸು ಸವರಿಕೊಡು. ಹೊಸದು ಬೇಡ."

"ಹೊಸದು ಬೇಡ್ವಾ? ಹಿಮ ಬೀಳೋ ಕಾಲಕ್ಕೆ ಜಾರದ ಹಾಗೆ ಮೊಳೆ ಲಾಳ ಹಾಕಲ್ವಾ?"

"ಎರಡನ್ನೂ ಕೊಟ್ಬಿಟ್ಟೆ. ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಕಡೆಯವನೊಬ್ಬ ಸೋಮವಾರ ಬಂದು ಕರ್ಕೊಂಡು ಹೋಗ್ತಾನೆ. ಒಳ್ಳೆಯವನು, ನಾನು ಹೋಗಿ ಲಾಯ ನೋಡ್ಕೊಂಡು ಬಂದೆ." ಆಮೇಲೆ, ಏನೋ ಆಗಷ್ಟೇ ನೆನಪಾದಂತೆ, "ಆ ಪೊಲೀಸಿನವನು ಫೋನ್ ಮಾಡಿದ್ನಾ?"

"ಇನ್ನೂ ಇಲ್ಲ" ಅಂದೆ. ಕುದುರೆಗಳೇ ಹೋದ ಮೇಲೆ ಮೇವಿನ ಪೆಟ್ಟಿಗೆಗೆ ಯಾವ ಕರಡಿ?

ಶನಿವಾರ ಹೋದೆ. ಲಾಯ ಗುಡಿಸಿ ಒಪ್ಪವಾಗಿಟ್ಟಿದ್ದ. ಅಷ್ಟು ಒಪ್ಪ ನನಗೆ ಹಿಡಿಸಲಿಲ್ಲ. ಬಾರ್ನಿಯದು ಮುಗಿಸಿದೆ. ಪರ್ಲ್‌ನ ಮೂರು ಕಾಲೂ ಮುಗಿದವು, ಒಂದು ಮುಂಗಾಲು ಉಳಿಯಿತು. ನಮ್ಮ ಕೆಲಸದಲ್ಲಿ ಕುದುರೆಯ ಬಾಲದ ಕಡೆ ಮುಖ ಮಾಡಿ, ಬಗ್ಗಿ, ಮುಂಗಾಲನ್ನು ನಮ್ಮ ಎರಡು ಮಂಡಿಯ ನಡುವೆ ಇರುಕಿ ಹಿಡಿಯಬೇಕು. ಹಗ್ಗ ಹಿಡಿದವನು ಕುದುರೆಯ ತಲೆಯ ಬಳಿ, ಅಂದರೆ ನನ್ನ ಬೆನ್ನ ಹಿಂದೆ ನಿಂತಿರುತ್ತಾನೆ. ಅವನ ಮುಖ ಕಾಣುವುದಿಲ್ಲ. ಕಾಣದಿದ್ದುದಕ್ಕೇ ಮಾತು ಹೊರಬಿತ್ತು.

"ಹೋಬಿ, ಆ ಪಿಸ್ತೂಲು ನಿನಗೇನಾ?"

"ಮತ್ತೆ ಇನ್ಯಾರಿಗೆ? ನನ್ನ ಹೆಸರಲ್ಲೇ ಅರ್ಜಿ."

"ಹಂಗಲ್ಲ. ನಿನ್ನ ಮೇಲೆ ನೀನೇ ಹಾರಿಸ್ಕೊಳ್ಳೋಕಾ?"

ಗೊರಸು ಉಜ್ಜುವ ಅರದ ಸದ್ದು ನಿಂತಿತ್ತು. ಪರ್ಲ್ ಒಮ್ಮೆ ಉಸಿರು ಬಿಟ್ಟಿತು. ಬೈಯಲಿ, ನಗಲಿ, ಥೂ ಎನ್ನಲಿ ಎಂದು ನಾನು ಆ ಗೊರಸನ್ನೇ ನೋಡುತ್ತ ಕಾದೆ.

"ನೀನು ಹೌದು ಅಂತ ಹೇಳು" ಅಂದ ಕೊನೆಗೆ, ಮೆಲ್ಲಗೆ. "ಉಳಿದದ್ದು ನನ್ನ ಪಾಡು."

"ಹೇಳಲ್ಲ."

"ರೋಡಾ."

"ಹೇಳಲ್ಲ ಅಂದ್ರೆ ಹೇಳಲ್ಲ. ಕೊಡಬೇಡಿ ಅಂತಲೇ ಹೇಳ್ತೀನಿ."

"ನಿನಗೆ ಕುದುರೆ ಕಾಲು ಹಿಡಿಯೋದು ಕಲಿಸಿದ್ದು ಇದಕ್ಕೇನಾ? ಒಂದು ಮಾತು ಕೇಳಿದ್ರೆ ಆಗಲ್ಲ ಅಂತೀಯ. ಚಮಚದಲ್ಲಿ ಸಾರು ಎತ್ತಿದ್ರೆ ಎದೆ ಮೇಲೆ ಚೆಲ್ಲುತ್ತೆ, ಗೊತ್ತಾ ನಿನಗೆ? ಇನ್ನೆರಡು ವರ್ಷಕ್ಕೆ ಯಾರೋ ಬಂದು ನನ್ನ ಪ್ಯಾಂಟ್ ಬಿಚ್ಚಬೇಕು. ಹೋಗು. ಇನ್ನೊಂದು ಸಲ ಈ ಲಾಯಕ್ಕೆ ಕಾಲಿಡಬೇಡ."

"ಹೋಗ್ತೀನಿ. ಈ ಕಾಲು ಅರ್ಧ ಆಗಿದೆ. ಹಿಂಗೇ ಬಿಟ್ರೆ ಪರ್ಲ್ ಕುಂಟುತ್ತೆ. ಹಗ್ಗ ಹಿಡ್ಕೋ."

ಅವನು ಹಿಡಿದ. ಕುದುರೆಯ ವಿಷಯಕ್ಕೆ ಹೋಬಾರ್ಟ್ ಎಂದೂ ತಪ್ಪಿದವನಲ್ಲ. ಹಗ್ಗದ ಕೊಂಡಿ ಅವನ ಕೈ ನಡುಕಕ್ಕೆ ಕಿಣಿಕಿಣಿ ಅನ್ನುತ್ತಿತ್ತು. ಅಂಚು ಸವರಿ, ಅಂಗೈಯಿಂದ ತಡವಿ, ಕಾಲು ಕೆಳಗಿಟ್ಟೆ.

ಹೊರಗೆ ಹೋಗಿ ಟ್ರಕ್ಕಿನಲ್ಲಿ ಕೂತು ಕಿಟಕಿ ಇಳಿಸಿದೆ. ಬೆನ್ನ ಹಿಂದೆ ಮಾತಾಡುವ ಜಾತಿ ನನ್ನದಲ್ಲ. ಅವನು ಲಾಯದ ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆಯೇ ಪಡುವಾನೋಗೆ ಫೋನ್ ಹಚ್ಚಿದೆ.

"ಕೊಡಬೇಡಿ" ಅಂದೆ, ಗಟ್ಟಿಯಾಗಿ.

"ಮೇಡಂ, ಯೋಚನೆ ಮಾಡಿ ಹೇಳ್ತಿದೀರಾ? ಇದನ್ನ ಬರ್ಕೋಬೇಕಾಗುತ್ತೆ. ಅವರು ಕೋರ್ಟಿಗೆ ಹೋದ್ರೆ ನೀವು ಜಡ್ಜ್ ಮುಂದೆ ಬಂದು ಹೇಳಬೇಕಾಗಬಹುದು. ಕಾರಣ ಏನು?"

"ಅವನಿಗೆ ಬದುಕೋದು ಬೇಡ ಆಗಿದೆ. ನಾನು ಕೇಳಿದ್ದಕ್ಕೆ ಅಲ್ಲ ಅನ್ಲಿಲ್ಲ. ಜಡ್ಜ್ ಮುಂದೆನೂ ಹೇಳ್ತೀನಿ, ಅವನ ಮುಂದೆನೂ ಹೇಳ್ತೀನಿ. ಇಲ್ಲೇ ನಿಂತು ಕೇಳ್ತಿದಾನೆ."

ಪಡುವಾನೋ ದನಿ ತಗ್ಗಿಸಿದ. "ಅವರ ಜೊತೆ ಯಾರಾದ್ರೂ ಇದಾರಾ? ನಾನು ಬರಲಾ?"

"ನಾನಿದೀನಿ" ಅಂದೆ. "ಸಂಜೆ ಫೋನ್ ಮಾಡಿ. ಈ ಸಲ ಎತ್ತುತ್ತೀನಿ."

ಫೋನಿಟ್ಟ ಮೇಲೆ ಹಗುರಾಗಬೇಕಿತ್ತು. ಆಗಲಿಲ್ಲ. ಪಿಸ್ತೂಲು ತಪ್ಪಿತು, ಸರಿ. ಲಾಯದ ಒಳಗೆ ಹಗ್ಗವಿದೆ, ಮೇಲೆ ತೊಲೆಯಿದೆ, ಅವನ ಅಡುಗೆಮನೆಯಲ್ಲಿ ಡಬ್ಬಿಗಟ್ಟಲೆ ಮಾತ್ರೆಯಿದೆ. ಅವಕ್ಕೆಲ್ಲ ಯಾರ ಪರವಾನಗಿ ಬೇಕು? ಯಾರ ಸಾಕ್ಷಿ ಬೇಕು? ನಾನೀಗ ಗೇಟು ದಾಟಿದರೆ ಅವನು ಮತ್ತು ಆ ಒಪ್ಪವಾದ ಲಾಯ, ಇಬ್ಬರೇ ಉಳಿಯುತ್ತಾರೆ. ಹೊರಡಲು ಮನಸ್ಸು ಬರಲಿಲ್ಲ. ಎಂಜಿನ್ ಹಾಕಿದೆ, ಹೀಟರಿಗಾಗಿ ಮಾತ್ರ.

ಹೋಬಾರ್ಟ್ ಅಂಗಳ ದಾಟಿ ಬಂದ. ಬಂದವನೇ ಬೈಯತೊಡಗಿದ. ಚಾಡಿಕೋರಿ ಅಂದ, ಪೊಲೀಸರ ನಾಯಿ ಅಂದ, ನಮ್ಮಪ್ಪನನ್ನೂ ನಮ್ಮಜ್ಜನನ್ನೂ ಎಳೆದ, ನನ್ನ ಹಳೆಯ ಕೆಲಸಗಳಲ್ಲೆಲ್ಲ ಮೊಳೆ ಸೊಟ್ಟ ಅಂದ. ಕೊನೆಯದೊಂದು ಸುಳ್ಳು. ಆದರೂ ಸುಮ್ಮನೆ ಕೇಳಿಸಿಕೊಂಡೆ. ನನ್ನ ಬಾಳಿನಲ್ಲಿ ಅಷ್ಟು ಹೊತ್ತು ತಿರುಗಿ ಬೈಯದೆ ಕೂತದ್ದು ಅದೊಂದೇ ಸಲ. ಬೈಯುವಷ್ಟು ಹೊತ್ತು ಅವನು ನನ್ನ ಕಣ್ಣ ಮುಂದಿದ್ದ.

"ಹೋಗ್ತೀಯೋ ಇಲ್ವೋ ನನ್ನ ಜಾಗ ಬಿಟ್ಟು?"

"ಇಲ್ಲ. ಪೊಲೀಸ್‌ಗೆ ಫೋನ್ ಮಾಡು. ನಂಬರ್ ನನ್ನ ಹತ್ರನೇ ಇದೆ."

"ಎಷ್ಟು ಹೊತ್ತು ಕೂರ್ತೀಯ?"

"ಗೊತ್ತಿಲ್ಲ."

ಗಾಳಿ ಬೀಸುತ್ತಿತ್ತು. ಅವನು ಕೋಟು ಹಾಕಿರಲಿಲ್ಲ, ಮೂಗು ಕೆಂಪಾಗಿ ಸೋರುತ್ತಿತ್ತು. ಲಾಯದ ಕಡೆ ನೋಡಿದ. ಮನೆಯ ಕಡೆ ನೋಡಿದ. ಆಮೇಲೆ ಟ್ರಕ್ಕಿನ ಮುಂಭಾಗ ಸುತ್ತಿ ಬಂದು, ಆ ಕಡೆಯ ಬಾಗಿಲು ತೆಗೆದು, ಸೀಟಿನ ಮೇಲಿದ್ದ ನನ್ನ ಸುತ್ತಿಗೆ ಇಕ್ಕಳವನ್ನೆಲ್ಲ ಕೆಳಗೆ ತಳ್ಳಿ ಕೂತ. ಬಾಗಿಲನ್ನು ಎಷ್ಟು ಜೋರಾಗಿ ಬಡಿದನೆಂದರೆ ಕನ್ನಡಿ ಅಲುಗಿತು.

"ಹೀಟರ್ ಜಾಸ್ತಿ ಮಾಡು" ಅಂದ.

ಮಾಡಿದೆ. ಕಿಟಕಿಯನ್ನೂ ಏರಿಸಿದೆ.

"ಎಲ್ಡನ್ ಸೂಪ್ ಮಾಡಿದಾನೆ. ಮನೆಗೆ ಬಾ" ಅಂದೆ.

"ಎಲ್ಡನ್ ಸೂಪಾ? ಅದಕ್ಕಿಂತ ಪಿಸ್ತೂಲೇ ವಾಸಿ."

ನನಗೆ ನಗು ಬರಲಿಲ್ಲ. ಅವನ ಕೆನ್ನೆಗೆ ಒಂದು ಬಾರಿಸಬೇಕು ಅನ್ನಿಸಿತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡೆ.

"ಬೆಲ್ಟ್ ಹಾಕ್ಕೋ" ಅಂದೆ.

ಅವನು ಹೆಗಲ ಮೇಲಿಂದ ಪಟ್ಟಿಯನ್ನು ಎಳೆದುಕೊಂಡ. ಕೊಂಡಿ ಬೀಗದ ಬಾಯಿಗೆ ಸಿಗಲಿಲ್ಲ. ಕೈ ಆಚೆಗೊಮ್ಮೆ ಈಚೆಗೊಮ್ಮೆ ಜಾರಿತು. ನಾನು ಕೈ ಚಾಚಲಿಲ್ಲ. ಗೇರಿನ ಮೇಲೆ ಕೈಯಿಟ್ಟು ಕಾದೆ. ಅವನು ಹಲ್ಲು ಕಚ್ಚಿ, ಬೈಯುತ್ತ, ಮತ್ತೆ ಮತ್ತೆ ತುರುಕಿದ. ಕಡೆಗೊಮ್ಮೆ ಅದು ಟಕ್ಕೆಂದು ಕೂತಿತು.

ಆಮೇಲೆ ಗಾಡಿ ಹೊರಡಿಸಿದೆ.